ನಿಧಾನವಾಗಿ ಬೆಳೆಯುವ ಲಿಂಫೋಮಾ: ಪರೀಕ್ಷೆಗೆ ಅವಸರ ಮಾಡಿ, ಕೀಮೋಗೆ ಬೇಡ

ಅಪ್ಪನ ಕತ್ತಿನ ಗಂಟನ್ನು ಮೊದಲು ಕಂಡುಹಿಡಿದದ್ದು ನಾವಲ್ಲ, ತಿಪಟೂರಿನಲ್ಲಿ ಅವರಿಗೆ ಕ್ಷೌರ ಮಾಡುವವರು. "ಇಲ್ಲೊಂದು ಗೋಲಿ ಥರ ಸಿಗ್ತಾ ಇದೆ ಯಜಮಾನರೇ, ತೋರಿಸಿ" ಎಂದಿದ್ದರಂತೆ. ನೋವಿಲ್ಲ, ಜ್ವರವಿಲ್ಲ, ಊಟ ಸೇರುತ್ತದೆ, ತೋಟದ ಕೆಲಸ ನಡೆಯುತ್ತಿದೆ. ನೋವೇ ಇಲ್ಲದ ಗಂಟಿಗೆ ಡಾಕ್ಟರ್ ಯಾಕೆ ಅಂತ ಅಪ್ಪ ಮೂರು ತಿಂಗಳು ದೂಡಿದರು. ಆಮೇಲೆ ಒಂದು ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ ನೋಡಿದರು. ರಿಪೋರ್ಟಿನಲ್ಲಿ ಏನೂ ಖಚಿತವಾಗಿ ಬರಲಿಲ್ಲ. "ಟಿಬಿ ಇರಬಹುದು" ಎಂದು ಟಿಬಿ ಮಾತ್ರೆ ಶುರು ಮಾಡಿದರು. ಎರಡು ತಿಂಗಳಿಗೆ ಗಂಟು ಅರ್ಧ ಆಯಿತು. ನಾವೆಲ್ಲ ದೇವರಿಗೆ ಕೈಮುಗಿದೆವು. ಆರು ತಿಂಗಳ ಮಾತ್ರೆ ಮುಗಿಯುವ ಹೊತ್ತಿಗೆ ಅದೇ ಜಾಗದಲ್ಲಿ ಮತ್ತೆ ಬಂತು, ಜೊತೆಗೆ ಕಂಕುಳಲ್ಲಿ ಎರಡು.

ಅದು ಫಾಲಿಕ್ಯುಲರ್ ಲಿಂಫೋಮಾ. ಲಿಂಫೋಮಾ ಅಂದರೆ ಲಿಂಫೋಸೈಟ್ ಎನ್ನುವ ರಕ್ಷಣೆಯ ಬಿಳಿ ಕಣಗಳ ಕ್ಯಾನ್ಸರ್, ಅದರಲ್ಲಿ ನಿಧಾನವಾಗಿ ಬೆಳೆಯುವ ಒಂದು ಜಾತಿ ಇದು. ಗಂಟು ಇಳಿದದ್ದು ಮಾತ್ರೆಯಿಂದ ಅಲ್ಲ. ಈ ಕಾಯಿಲೆಯ ಗಂಟುಗಳು ಕೆಲವರಲ್ಲಿ ತಾವಾಗಿಯೇ ಇಳಿಯುತ್ತವೆ, ತಾವಾಗಿಯೇ ಮತ್ತೆ ಏಳುತ್ತವೆ. ಇದು ಗೊತ್ತಿಲ್ಲದೆ ನಾವು ಸುಮಾರು ಒಂದು ವರ್ಷ ಕಳೆದುಕೊಂಡೆವು. ಕಾಯಿಲೆಯ ಹೆಸರು ತಿಳಿದ ದಿನ ಮಾತ್ರ ನಾಳೆಯೇ ಕೀಮೋ ಕೊಡಿ ಅಂತ ಡಾಕ್ಟರ ಮುಂದೆ ಕೂತೆವು. ಅವರು ಈಗ ಬೇಡ ಎಂದರು. ಅಂದರೆ ಅವಸರ ಮಾಡಬೇಕಾದ ಕಡೆ ಸುಮ್ಮನಿದ್ದೆವು, ಸುಮ್ಮನಿರಬೇಕಾದ ಕಡೆ ಅವಸರ ಮಾಡಿದೆವು. ನಿಮ್ಮ ಮನೆಯಲ್ಲಿ ಹಾಗಾಗದಿರಲಿ ಅಂತ, ಅವತ್ತು ನಮಗೆ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು ಅನಿಸಿದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಇದನ್ನು ಓದಿಕೊಂಡು ಹೋಗಿ ನಿಮ್ಮ ಡಾಕ್ಟರ್ ಹತ್ತಿರ ಸರಿಯಾದ ಪ್ರಶ್ನೆ ಕೇಳಿ, ಅಷ್ಟೇ ನನ್ನ ಆಸೆ.

ಯಾವ ಗಂಟಿಗೆ ಭಯ ಪಡಬೇಕು?

ಕಾಲಿಗೆ ಮುಳ್ಳು ಚುಚ್ಚಿ ಕೀವಾದರೆ ತೊಡೆಸಂದಿನಲ್ಲಿ ಗಂಟು ಬರುತ್ತದೆ, ಹಲ್ಲು ಹುಳುಕಾದರೆ ದವಡೆ ಕೆಳಗೆ ಬರುತ್ತದೆ. ಅವು ಮುಟ್ಟಿದರೆ ನೋಯುತ್ತವೆ, ಎರಡು ಮೂರು ವಾರದಲ್ಲಿ ಕರಗುತ್ತವೆ. ಅದು ಮೈಯ ಕಾವಲು ಕೆಲಸ, ಹೆದರಬೇಡಿ. ನಾಲ್ಕು ವಾರ ಆದರೂ ಹೋಗದ, ನೋವಿಲ್ಲದ, ಒತ್ತಿದರೆ ರಬ್ಬರಿನ ಹಾಗೆ ಸಿಗುವ ಗಂಟು ಕತ್ತು, ಕಂಕುಳು, ತೊಡೆಸಂದಿನಲ್ಲಿ ಇದ್ದರೆ ತೋರಿಸಲೇಬೇಕು. ಕಾಲರ್ ಮೂಳೆಯ ಮೇಲಿನ ಗುಂಡಿಯಲ್ಲಿ ಗಂಟು ಸಿಕ್ಕಿದರಂತೂ ನಾಲ್ಕು ವಾರವೂ ಕಾಯಬೇಡಿ.

ಡಾಕ್ಟರ್ ಮೂರು ಪ್ರಶ್ನೆ ಖಂಡಿತ ಕೇಳುತ್ತಾರೆ. 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ದಾಟುವ ಜ್ವರ ಕಾರಣವಿಲ್ಲದೆ ಬರುತ್ತಿದೆಯಾ? ಆರು ತಿಂಗಳಲ್ಲಿ ತೂಕ ನೂರಕ್ಕೆ ಹತ್ತರಷ್ಟು, ಎಪ್ಪತ್ತು ಕಿಲೋ ಇದ್ದವರಿಗೆ ಏಳು ಕಿಲೋ, ಇಳಿದಿದೆಯಾ? ರಾತ್ರಿ ಬೆವರುತ್ತಾರಾ? ಈ ಮೂರನೆಯದಕ್ಕೆ ನಾವು ತಪ್ಪು ಉತ್ತರ ಕೊಟ್ಟಿದ್ದೆವು, ಏಪ್ರಿಲ್ ತಿಂಗಳಲ್ಲಿ ಯಾರು ಬೆವರಲ್ಲ ಹೇಳಿ. ಅವರು ಕೇಳುವ ಬೆವರು ಬೇರೆ. ಬನಿಯನ್ ಹಿಂಡುವ ಹಾಗೆ ಒದ್ದೆಯಾಗಿ, ನಡುರಾತ್ರಿ ಎದ್ದು ಬಟ್ಟೆ ಮತ್ತು ಹಾಸಿಗೆ ಬದಲಾಯಿಸಬೇಕಾಗುವಂಥ ಬೆವರು. ಇನ್ನೊಂದು ಮಾತು, ನಿಧಾನದ ಲಿಂಫೋಮಾದಲ್ಲಿ ಈ ಮೂರೂ ಇಲ್ಲದವರೇ ಜಾಸ್ತಿ. ಆರಾಮಾಗಿದ್ದಾರೆ ಎನ್ನುವ ಕಾರಣಕ್ಕೆ ಪರೀಕ್ಷೆ ಮುಂದೂಡಬೇಡಿ.

ಗಂಟನ್ನು ಇಡಿಯಾಗಿ ತೆಗೆಸಿ

ಇಡೀ ಬರಹದಲ್ಲಿ ಒಂದನ್ನು ಮಾತ್ರ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಸಣ್ಣ ಸೂಜಿಯಿಂದ ಎಳೆದು ನೋಡುವ ಎಫ್‌ಎನ್‌ಎಸಿ ಪರೀಕ್ಷೆ ಈ ಕಾಯಿಲೆಗೆ ಸಾಲದು. ಸೂಜಿಯಲ್ಲಿ ಬರುವುದು ಬಿಡಿ ಬಿಡಿ ಕೋಶಗಳು. ಫಾಲಿಕ್ಯುಲರ್ ಲಿಂಫೋಮಾ ಇದೆಯೋ ಇಲ್ಲವೋ ಎನ್ನುವುದು ಆ ಕೋಶಗಳು ಗಂಟಿನೊಳಗೆ ಹೇಗೆ ಗುಂಪು ಕಟ್ಟಿ ಕೂತಿವೆ ಎನ್ನುವುದರಿಂದ ತಿಳಿಯುತ್ತದೆ. ತೋಟದಲ್ಲಿ ಸಾಲು ಹೇಗಿದೆ ಅಂತ ತಿಳಿಯಲು ನಾಲ್ಕು ಉದುರಿದ ಎಲೆ ಆರಿಸಿಕೊಂಡು ಬಂದರೆ ಆಗುತ್ತಾ? ಹಾಗಾಗಿ ಒಂದು ಗಂಟನ್ನು ಇಡಿಯಾಗಿ ತೆಗೆಯುವ ಎಕ್ಸಿಶನ್ ಬಯಾಪ್ಸಿ ಮಾಡಿ ಅಂತ ಕೇಳಿ. ಕತ್ತಿನದೋ ಕಂಕುಳಿನದೋ ಆದರೆ ಒಳ್ಳೆಯದು. ತೊಡೆಸಂದಿನ ಗಂಟುಗಳು ಹಳೆಯ ಗಾಯ, ಸೋಂಕುಗಳಿಂದ ಮೊದಲೇ ಕೆಟ್ಟಿರುತ್ತವೆ, ಬೇರೆ ಇಲ್ಲದಿದ್ದರೆ ಮಾತ್ರ ಅದು. ಗಂಟು ಹೊಟ್ಟೆಯೊಳಗೆ ಮಾತ್ರ ಇದ್ದರೆ ಸ್ಕ್ಯಾನ್ ನೋಡಿಕೊಂಡು ದಪ್ಪ ಸೂಜಿಯಿಂದ ಕೋರ್ ಬಯಾಪ್ಸಿ ಮಾಡುತ್ತಾರೆ.

ಟಿಬಿ ವಿಚಾರ. ನಮ್ಮಲ್ಲಿ ಕತ್ತಿನ ಗಂಟಿಗೆ ಟಿಬಿ ದೊಡ್ಡ ಕಾರಣ ಎನ್ನುವುದು ನಿಜ, ಹಳಬರು ಗಂಡಮಾಲೆ ಅನ್ನುತ್ತಿದ್ದದ್ದು ಅದನ್ನೇ. ಡಾಕ್ಟರಿಗೆ ಮೊದಲು ಅದೇ ಹೊಳೆಯುವುದರಲ್ಲಿ ತಪ್ಪಿಲ್ಲ. ಪುರಾವೆ ಇಲ್ಲದೆ ಮಾತ್ರೆ ಶುರು ಮಾಡುವುದೇ ತಪ್ಪು. ಬಯಾಪ್ಸಿಯ ದಿನ ಗಂಟಿನ ಒಂದು ಭಾಗ ಫಾರ್ಮಲಿನ್ ಬಾಟಲಿಗೆ, ಇನ್ನೊಂದು ಭಾಗ ಸಲೈನ್ ಬಾಟಲಿಗೆ ಹೋಗಬೇಕು. ಫಾರ್ಮಲಿನ್ ಟಿಬಿ ಕ್ರಿಮಿಯನ್ನು ಸಾಯಿಸಿಬಿಡುತ್ತದೆ, ಆಮೇಲೆ ಕಲ್ಚರ್, ಅಂದರೆ ಕ್ರಿಮಿಯನ್ನು ಬೆಳೆಸಿ ನೋಡುವ ಪರೀಕ್ಷೆ, ಮಾಡಲು ಏನೂ ಉಳಿದಿರುವುದಿಲ್ಲ. ಸಲೈನಿನ ತುಂಡಿನಿಂದ, ಟಿಬಿ ಕ್ರಿಮಿ ಇದೆಯಾ ಅಂತ ಬೇಗ ಹೇಳುವ ಜೀನ್ ಎಕ್ಸ್‌ಪರ್ಟ್ ಮತ್ತು ಕಲ್ಚರ್ ಎರಡೂ ಮಾಡಬಹುದು. ಆಪರೇಷನ್‌ಗೆ ಮುಂಚೆ ಸರ್ಜನ್‌ಗೆ ಈ ಒಂದು ಮಾತು ನೆನಪಿಸಿ. ಅಪ್ಪನಿಗೆ ಎರಡನೇ ಸಲ ಹೀಗೆ ಮಾಡಿದ್ದರಿಂದ ಟಿಬಿ ಹೌದಾ ಅಲ್ವಾ ಎನ್ನುವ ಜಗಳ ಅಲ್ಲಿಗೇ ಮುಗಿಯಿತು.

ಬಯಾಪ್ಸಿಗೆ ಮೊದಲು ಸ್ಟಿರಾಯ್ಡ್ ತೆಗೆದುಕೊಳ್ಳಬೇಡಿ. ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್ ಕೊಟ್ಟರೆ ಲಿಂಫೋಮಾದ ಗಂಟು ಕರಗುತ್ತದೆ, ನೋಡಿದವರಿಗೆ ಗುಣವಾದಂತೆ ಕಾಣುತ್ತದೆ, ಆದರೆ ಪೆಥಾಲಜಿಯವರಿಗೆ ಏನೂ ಸಿಗದ ಹಾಗೆ ಆಗುತ್ತದೆ. ಹೆಸರಿಲ್ಲದ ಪುಡಿ, ಊರ ಔಷಧಿಯಲ್ಲೂ ಕೆಲವೊಮ್ಮೆ ಸ್ಟಿರಾಯ್ಡ್ ಬೆರೆಸಿರುತ್ತಾರೆ. ತೆಗೆದುಕೊಂಡಿದ್ದರೆ ಬೈಯ್ತಾರೆ ಅಂತ ಮುಚ್ಚಿಡಬೇಡಿ, ಹೇಳಿಬಿಡಿ.

ರಿಪೋರ್ಟ್ ಓದುವುದು

ತೆಗೆದ ಗಂಟಿಗೆ ಐಹೆಚ್‌ಸಿ ಅಂತ ಬಣ್ಣ ಕಟ್ಟಿ ನೋಡುತ್ತಾರೆ. ಫಾಲಿಕ್ಯುಲರ್ ಆದರೆ ಸಿಡಿ20 ಎನ್ನುವ ಕೋಶದ ಗುರುತು ಪಾಸಿಟಿವ್ ಇರುತ್ತದೆ, ಸಾಮಾನ್ಯವಾಗಿ ಬಿಸಿಎಲ್2, ಸಿಡಿ10, ಬಿಸಿಎಲ್6 ಎನ್ನುವ ಗುರುತುಗಳು ಕೂಡ. ಈ ಬಿಸಿಎಲ್2 ಅರ್ಥವಾದರೆ ಕಾಯಿಲೆಯ ಸ್ವಭಾವವೇ ಅರ್ಥವಾಗುತ್ತದೆ. ನಮ್ಮ ಮೈಯಲ್ಲಿ ದಿನವೂ ಹುಟ್ಟುವ ರಕ್ಷಣೆಯ ಕೋಶಗಳಲ್ಲಿ ಬೇಡದವು ತಾವೇ ಸಾಯಬೇಕು. ಈ ಕಾಯಿಲೆಯ ಬಹುತೇಕ ಜನರಲ್ಲಿ 14 ಮತ್ತು 18ನೇ ಕ್ರೋಮೋಸೋಮ್‌ಗಳು ತುಂಡಾಗಿ ಅದಲು ಬದಲಾಗಿ ಜೋಡಿಕೊಂಡಿರುತ್ತವೆ. ಅದರಿಂದ ಬಿಸಿಎಲ್2 ಎನ್ನುವ ಪ್ರೊಟೀನ್ ಜಾಸ್ತಿಯಾಗಿ, ಸಾಯಬೇಕಾದ ಕೋಶ ಸಾಯುವುದಿಲ್ಲ. ಅವು ನುಗ್ಗಿ ಬೆಳೆಯುವ ಕೋಶಗಳಲ್ಲ, ಸಾಯದೆ ರಾಶಿ ಬೀಳುವ ಕೋಶಗಳು. ಅದಕ್ಕೇ ನಿಧಾನ. ಅದಕ್ಕೇ, ವೇಗವಾಗಿ ಒಡೆಯುವ ಕೋಶಗಳನ್ನು ಹೊಡೆಯುವ ಕೀಮೋ ಇದನ್ನು ಪೂರ್ತಿ ಬೇರು ಸಹಿತ ಕೀಳಲು ಕಷ್ಟಪಡುತ್ತದೆ.

ರಿಪೋರ್ಟಿನಲ್ಲಿ ಗ್ರೇಡ್ ಹುಡುಕಿ, ಅಂದರೆ ಕೋಶಗಳು ಸೂಕ್ಷ್ಮದರ್ಶಕದಲ್ಲಿ ಹೇಗೆ ಕಾಣುತ್ತವೆ ಎನ್ನುವ ಲೆಕ್ಕ. 1, 2 ಮತ್ತು 3ಎ ನಿಧಾನದ್ದು. 3ಬಿ ಎಂದಿದ್ದರೆ ಅದನ್ನು ವೇಗದ ಲಿಂಫೋಮಾದ ಹಾಗೆಯೇ ಚಿಕಿತ್ಸೆ ಮಾಡುತ್ತಾರೆ, ಅಲ್ಲಿ ಕಾಯುವ ಮಾತಿಲ್ಲ.

ಗ್ರೇಡ್ ಬೇರೆ, ಸ್ಟೇಜ್ ಬೇರೆ. ಸ್ಟೇಜ್ ಅಂದರೆ ಕಾಯಿಲೆ ಮೈಯಲ್ಲಿ ಎಲ್ಲೆಲ್ಲಿ ಹರಡಿದೆ ಎನ್ನುವುದು. ಕಾಯಿಲೆ ಇರುವ ಜಾಗ ಹೊಳೆಯುವಂತೆ ತೋರಿಸುವ ಪೆಟ್-ಸಿಟಿ ಸ್ಕ್ಯಾನ್ ಮಾಡಿ, ಕೆಲವರಿಗೆ ಸೊಂಟದ ಮೂಳೆಯಿಂದ ಮಜ್ಜೆ ತೆಗೆದು ನೋಡಿ ಸ್ಟೇಜ್ ಹೇಳುತ್ತಾರೆ. ಅಪ್ಪನದು ಮೂರನೇ ಸ್ಟೇಜ್. ಅದನ್ನು ಕೇಳಿ ಅಮ್ಮ ಎರಡು ದಿನ ಊಟ ಬಿಟ್ಟರು. ಸಿನಿಮಾದಲ್ಲಿ ನಾಲ್ಕನೇ ಸ್ಟೇಜ್ ಅಂದರೆ ಕಥೆ ಮುಗಿಯಿತು ಅಂತ ತೋರಿಸಿ ತೋರಿಸಿ ನಮ್ಮ ತಲೆಯಲ್ಲಿ ಅದೇ ಕೂತುಬಿಟ್ಟಿದೆ. ಈ ಕಾಯಿಲೆಗೆ ಆ ಲೆಕ್ಕ ಹಿಡಿಯಲೇಬಾರದು. ಲಿಂಫೋಸೈಟ್‌ಗಳು ಮೈಯೆಲ್ಲ ಓಡಾಡುವ ಕೋಶಗಳು, ಮಜ್ಜೆಯೊಳಗೆ ಸಿಕ್ಕಿದರೆ ಅದೇ ನಾಲ್ಕನೇ ಸ್ಟೇಜ್, ಮತ್ತು ಅದು ಇಲ್ಲಿ ತುಂಬ ಸಾಮಾನ್ಯ. ನಾಲ್ಕನೇ ಸ್ಟೇಜ್ ಅಂತ ತಿಳಿದ ಮೇಲೆ ಹದಿನೈದು, ಇಪ್ಪತ್ತು ವರ್ಷ ಬದುಕಿದವರು ಬಹಳ ಜನ ಇದ್ದಾರೆ. ಸ್ಟೇಜ್ ಒಂದನ್ನೇ ಹಿಡಿದುಕೊಂಡು ಕೂರುವ ಬದಲು ಎಫ್‌ಎಲ್‌ಐಪಿಐ ಅಂಕ ಎಷ್ಟು ಎಂದು ಕೇಳಿ. ವಯಸ್ಸು 60 ದಾಟಿದೆಯಾ, ಸ್ಟೇಜ್ 3 ಅಥವಾ 4 ಇದೆಯಾ, ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಾ, ಗಂಟುಗಳು ನಾಲ್ಕಕ್ಕಿಂತ ಜಾಸ್ತಿ ಜಾಗದಲ್ಲಿವೆಯಾ, ರಕ್ತದಲ್ಲಿ ಎಲ್‌ಡಿಹೆಚ್ ಎನ್ನುವ ಕಿಣ್ವ ಏರಿದೆಯಾ, ಒಂದೊಂದಕ್ಕೆ ಒಂದು ಅಂಕ. ಕಡಿಮೆ ಬಂದಷ್ಟೂ ಒಳ್ಳೆಯದು.

ಗಂಟಿನ ತೆಳು ಪದರ ಅಂಟಿಸಿದ ಗಾಜಿನ ಸ್ಲೈಡ್ ಮತ್ತು ತುಂಡನ್ನು ಕೂರಿಸಿದ ಮೇಣದ ಬ್ಲಾಕ್ ಎರಡನ್ನೂ ಲ್ಯಾಬಿನಿಂದ ಕೇಳಿ ತೆಗೆದುಕೊಳ್ಳಿ. ಲಿಂಫೋಮಾ ಜಾಸ್ತಿ ನೋಡುವ ಪೆಥಾಲಜಿಯವರು ಇನ್ನೊಮ್ಮೆ ನೋಡಿದರೆ ಹೆಸರೇ ಬದಲಾಗುವುದೂ ಉಂಟು. ಬೆಂಗಳೂರಿನಲ್ಲಿ 1973ರಿಂದ ಇರುವ ಕಿದ್ವಾಯಿ, ಮುಂಬೈನ ಟಾಟಾ ಮೆಮೋರಿಯಲ್, ಇಂಥ ಕಡೆ ಹೋಗುವಾಗ ಬ್ಲಾಕ್ ಕೈಯಲ್ಲಿದ್ದರೆ ಮತ್ತೆ ಕತ್ತರಿಸುವ ಕೆಲಸ ಇರುವುದಿಲ್ಲ. ಅದು ಮೇಣ, ಬಿಸಿಲಲ್ಲಿ ಕಾರಿನೊಳಗೆ ಬಿಟ್ಟು ಹೋಗಬೇಡಿ.

"ಈಗ ಏನೂ ಮಾಡುವುದು ಬೇಡ"

ಈ ಮಾತು ಕೇಳಿದಾಗ ನನಗೆ ಬಂದದ್ದು ಸಿಟ್ಟು. ಕ್ಯಾನ್ಸರ್ ಅಂತ ಹೇಳಿ ಮನೆಗೆ ಕಳಿಸುತ್ತಾರಲ್ಲ, ವಯಸ್ಸಾಯಿತು ಅಂತ ಕೈಬಿಟ್ಟರಾ, ದುಡ್ಡಿಲ್ಲ ಅಂದುಕೊಂಡರಾ ಅಂತೆಲ್ಲ ಅನಿಸಿತು. ಆಮೇಲೆ ಅವರೇ ಕೂರಿಸಿ ವಿವರಿಸಿದರು. ಬ್ರಿಟನ್ನಿನಲ್ಲಿ 300ಕ್ಕೂ ಜಾಸ್ತಿ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ತಕ್ಷಣ ಕೀಮೋ ಮಾತ್ರೆ ಕೊಟ್ಟು, ಇನ್ನೊಂದು ಗುಂಪನ್ನು ಗಮನಿಸುತ್ತಾ ಇಟ್ಟು ನೋಡಿದರು. ಫಲಿತಾಂಶ 2003ರಲ್ಲಿ ಬಂತು. ಬದುಕಿದ ವರ್ಷಗಳಲ್ಲಿ ವ್ಯತ್ಯಾಸ ಇರಲಿಲ್ಲ. ಕಾದವರಲ್ಲಿ ಹತ್ತು ವರ್ಷ ಆದರೂ ಸುಮಾರು ಐವರಲ್ಲಿ ಒಬ್ಬರಿಗೆ ಕೀಮೋ ಬೇಕೇ ಆಗಿರಲಿಲ್ಲ, ಎಪ್ಪತ್ತು ದಾಟಿದವರಲ್ಲಿ ನೂರಕ್ಕೆ ನಲವತ್ತರಷ್ಟು ಜನಕ್ಕೆ. ಮುಂಚೆ ಶುರು ಮಾಡಿದರೆ ಆಯುಸ್ಸು ಹೆಚ್ಚುವುದಿಲ್ಲ ಅಂದ ಮೇಲೆ ಆ ಕಷ್ಟ ಈಗಲೇ ಯಾಕೆ? ಆ ಪ್ರಯೋಗದ ಕಾಲಕ್ಕೆ ಈಗಿನ ಮುಖ್ಯ ಔಷಧಿ ರಿಟುಕ್ಸಿಮ್ಯಾಬ್ ಇರಲಿಲ್ಲ ಎನ್ನುವುದು ನಿಜ. ಆಮೇಲೆ ರಿಟುಕ್ಸಿಮ್ಯಾಬ್ ಒಂದನ್ನೇ ಬೇಗ ಕೊಟ್ಟು ನೋಡಿದ್ದಾರೆ. ಕೀಮೋ ಮುಂದಕ್ಕೆ ಹೋಯಿತು, ಆಯುಸ್ಸು ಹೆಚ್ಚಿದ್ದು ಕಾಣಲಿಲ್ಲ.

ಕಾಯುವುದು ಅಂದರೆ ಮರೆಯುವುದಲ್ಲ. ಮೂರು ತಿಂಗಳಿಗೊಮ್ಮೆ ಡಾಕ್ಟರ್ ಮೈ ಮುಟ್ಟಿ ನೋಡಬೇಕು, ರಕ್ತ ಪರೀಕ್ಷೆ ಆಗಬೇಕು. ಮನೆಯಲ್ಲಿ ಒಂದು ನೋಟ್‌ಬುಕ್ ಇಡಿ. ನಾವು ಪ್ರತಿ ತಿಂಗಳ ಒಂದನೇ ತಾರೀಕು ತೂಕ ಬರೆಯುತ್ತಿದ್ದೆವು, ಗಂಟು ಎಲ್ಲೆಲ್ಲಿ ಸಿಗುತ್ತದೆ, ಅಡಿಕೆಯಷ್ಟಿದೆಯಾ ನಿಂಬೆಹಣ್ಣಿನಷ್ಟಿದೆಯಾ ಅಂತ ಬರೆಯುತ್ತಿದ್ದೆವು. ದಿನವೂ ಮುಟ್ಟಿ ನೋಡಿಕೊಳ್ಳಬೇಡಿ, ಅದರಿಂದ ನಿದ್ದೆ ಹೋಗುತ್ತದೆ, ಇನ್ನೇನೂ ಸಿಗುವುದಿಲ್ಲ.

ಯಾವಾಗ ಶುರು ಮಾಡುತ್ತಾರೆ ಎನ್ನುವುದಕ್ಕೂ ಲೆಕ್ಕ ಇದೆ. ಒಂದು ಗಂಟು 7 ಸೆಂಟಿಮೀಟರ್ ದಾಟಿದರೆ, ಅಥವಾ ಮೂರು ಜಾಗದಲ್ಲಿ 3 ಸೆಂಟಿಮೀಟರಿಗಿಂತ ದೊಡ್ಡ ಗಂಟುಗಳಾದರೆ, ಮೇಲೆ ಹೇಳಿದ ಜ್ವರ, ಬೆವರು, ತೂಕ ಇಳಿಯುವುದು ಶುರುವಾದರೆ, ಗುಲ್ಮ (ಸ್ಪ್ಲೀನ್) ದೊಡ್ಡದಾದರೆ, ರಕ್ತಕಣ ಕಡಿಮೆಯಾದರೆ, ಎದೆಯಲ್ಲಿ ಅಥವಾ ಹೊಟ್ಟೆಯಲ್ಲಿ ನೀರು ತುಂಬಿದರೆ, ಗಂಟು ಯಾವುದಾದರೂ ಅಂಗವನ್ನು ಒತ್ತಿದರೆ. ಅಪ್ಪ ಎರಡೂವರೆ ವರ್ಷ ಆರಾಮಾಗಿ ತೋಟ ನೋಡಿಕೊಂಡಿದ್ದರು. ಆಮೇಲೆ ಹೊಟ್ಟೆಯೊಳಗಿನ ಗಂಟು ಮೂತ್ರನಾಳ ಒತ್ತಿ ಬಲಗಡೆಯ ಕಿಡ್ನಿ ಊದಿಕೊಂಡಿತು. ಅವತ್ತು ಡಾಕ್ಟರೇ ಇನ್ನು ತಡ ಮಾಡುವುದು ಬೇಡ ಎಂದರು. ಆ ಎರಡೂವರೆ ವರ್ಷ ನೆಂಟರ ಬಾಯಿ ಮುಚ್ಚಿಸುವುದೇ ದೊಡ್ಡ ಕೆಲಸವಾಗಿತ್ತು. ಅಪ್ಪನನ್ನು ಸುಮ್ನೆ ಬಿಟ್ಟಿದ್ದಾರೆ ಅಂದವರಿಗೆಲ್ಲ ನಾನು ಆ ಬ್ರಿಟನ್ನಿನ ಲೆಕ್ಕವನ್ನೇ ಹೇಳುತ್ತಿದ್ದೆ.

ಒಂದೇ ಜಾಗದಲ್ಲಿ, ಮೊದಲ ಸ್ಟೇಜಿನಲ್ಲಿ ಸಿಕ್ಕಿದವರ ಕಥೆ ಬೇರೆ. ಅವರಿಗೆ ಕಾಯುವುದಕ್ಕಿಂತ ಸಾಮಾನ್ಯವಾಗಿ 24 ಗ್ರೇ (ಗ್ರೇ ಅಂದರೆ ರೇಡಿಯೇಷನ್ ಅಳತೆ) ರೇಡಿಯೇಷನ್ ಕೊಡುತ್ತಾರೆ, ಅದರಲ್ಲಿ ಎಷ್ಟೋ ಜನಕ್ಕೆ ಕಾಯಿಲೆ ಮತ್ತೆ ಬರುವುದೇ ಇಲ್ಲ. ಇನ್ನು ಹೊಟ್ಟೆಯ ಮಾಲ್ಟ್ ಲಿಂಫೋಮಾ ಅಂತ ನಿಧಾನದ್ದೇ ಇನ್ನೊಂದು ಜಾತಿ ಇದೆ. ಅದಕ್ಕೆ ಹೆಚ್. ಪೈಲೋರಿ ಎನ್ನುವ ಬ್ಯಾಕ್ಟೀರಿಯಾ ಕಾರಣವಾಗಿದ್ದರೆ ಆಂಟಿಬಯಾಟಿಕ್ ಕೋರ್ಸ್ ಒಂದರಿಂದಲೇ ಹೆಚ್ಚಿನವರಲ್ಲಿ ಕ್ಯಾನ್ಸರ್ ಕರಗಿಹೋಗುತ್ತದೆ. ಅಂಥವರು ಕೀಮೋಗೆ ಮುಂಚೆ ಆ ಪರೀಕ್ಷೆ ಆಗಿದೆಯಾ ಅಂತ ನೋಡಿಕೊಳ್ಳಲೇಬೇಕು.

ಚಿಕಿತ್ಸೆ ಶುರುವಾದಾಗ

ಮುಖ್ಯ ಔಷಧಿ ರಿಟುಕ್ಸಿಮ್ಯಾಬ್. ಸಿಡಿ20 ಗುರುತು ಇರುವ ಕೋಶಗಳನ್ನು ಹುಡುಕಿ ಹಿಡಿಯುವ ಪ್ರತಿಕಾಯ ಇದು, 1997ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. 2007ರಲ್ಲಿ ಹೈದರಾಬಾದಿನ ಡಾ. ರೆಡ್ಡೀಸ್ ಇದರ ಭಾರತೀಯ ರೂಪ ತಂದ ಮೇಲೆ ನಮ್ಮಂಥವರ ಕೈಗೂ ಎಟುಕಿತು, ಈಗ ಹಲವು ಕಂಪನಿಗಳದು ಸಿಗುತ್ತದೆ. ಇದರ ಜೊತೆ ಬೆಂಡಮಸ್ಟೀನ್ ಎನ್ನುವ ಕೀಮೋ ಸೇರಿಸಿದರೆ ಬಿ.ಆರ್., ಚಾಪ್ ಎನ್ನುವ ನಾಲ್ಕು ಔಷಧಿಗಳ ಕೀಮೋ ಸೇರಿಸಿದರೆ ಆರ್-ಚಾಪ್. ಜರ್ಮನಿಯವರು 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನಿಧಾನದ ಲಿಂಫೋಮಾ ಇದ್ದವರಿಗೆ ಬಿ.ಆರ್.ನಿಂದ ಕಾಯಿಲೆ ಸುಮಾರು 69 ತಿಂಗಳು ಹಿಡಿತದಲ್ಲಿತ್ತು, ಆರ್-ಚಾಪ್‌ನಿಂದ 31 ತಿಂಗಳು. ಕೂದಲೂ ಅಷ್ಟಾಗಿ ಉದುರುವುದಿಲ್ಲ. ಆದರೆ ಬೆಂಡಮಸ್ಟೀನ್ ಆದ ಮೇಲೆ ರೋಗನಿರೋಧಕ ಶಕ್ತಿ ಬಹಳ ಕಾಲ ಕಡಿಮೆ ಇರುತ್ತದೆ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅಪ್ಪನಿಗೆ ಬಿ.ಆರ್. ಕೊಟ್ಟರು. 28 ದಿನಕ್ಕೊಂದು ಸುತ್ತು, ಪ್ರತಿ ಸುತ್ತಿಗೆ ಎರಡು ದಿನ ಡ್ರಿಪ್, ಒಟ್ಟು ಆರು ಸುತ್ತು.

ಮೊದಲ ಡ್ರಿಪ್‌ಗೆ ಮುಂಚೆ ಹೆಪಟೈಟಿಸ್ ಬಿ ಪರೀಕ್ಷೆ ಆಗಿರಲೇಬೇಕು, ಹೆಚ್‌ಬಿಎಸ್‌ಎಜಿ ಒಂದೇ ಅಲ್ಲ, ಹಳೆಯ ಸೋಂಕನ್ನೂ ತೋರಿಸುವ ಆಂಟಿ ಹೆಚ್‌ಬಿಸಿ ಕೂಡ. ಎಂದೋ ಬಂದು ಹೋಗಿ ಯಕೃತ್ತಿನಲ್ಲಿ ಮಲಗಿರುವ ವೈರಸ್ಸು ರಿಟುಕ್ಸಿಮ್ಯಾಬ್ ಕೊಟ್ಟಾಗ ಎದ್ದು ಪ್ರಾಣಕ್ಕೇ ಬರಬಹುದು. ಪಾಸಿಟಿವ್ ಇದ್ದರೆ ಚಿಕಿತ್ಸೆ ನಿಲ್ಲಿಸಬೇಕಾಗಿಲ್ಲ, ಎಂಟೆಕಾವಿರ್ ಅಥವಾ ಟೆನೊಫೊವಿರ್ ಮಾತ್ರೆ ಜೊತೆಗೆ ಕೊಡುತ್ತಾರೆ.

ಮೊದಲ ರಿಟುಕ್ಸಿಮ್ಯಾಬ್ ದಿನ ಬೇಗ ಹೋಗಿ, ಸಂಜೆಯವರೆಗೂ ಕೂರಲು ಸಿದ್ಧರಾಗಿ. ತುಂಬ ನಿಧಾನವಾಗಿ ಬಿಡುತ್ತಾರೆ. ಅಪ್ಪನಿಗೆ ಒಂದು ಗಂಟೆಯೊಳಗೆ ಚಳಿ ಶುರುವಾಗಿ ಹಲ್ಲು ಕಟಕಟ ಎನ್ನುತ್ತಿತ್ತು. ನರ್ಸ್ ಡ್ರಿಪ್ ನಿಲ್ಲಿಸಿ, ಇಂಜೆಕ್ಷನ್ ಕೊಟ್ಟು, ಅರ್ಧ ಗಂಟೆ ಬಿಟ್ಟು ಇನ್ನೂ ನಿಧಾನ ಮಾಡಿದರು, ಸರಿಹೋಯಿತು. ಇದು ಮೊದಲ ಸಲ ಸಾಮಾನ್ಯ, ಎರಡನೇ ಸಲ ಕಡಿಮೆ. ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರು ಅವತ್ತು ಬೆಳಗ್ಗೆ ತೆಗೆದುಕೊಳ್ಳಬೇಕೋ ಬೇಡವೋ ಅಂತ ಹಿಂದಿನ ದಿನವೇ ಕೇಳಿಕೊಳ್ಳಿ, ಡ್ರಿಪ್ ಹೋಗುವಾಗ ಬಿ.ಪಿ. ಇಳಿಯಬಹುದು.

ಮನೆಗೆ ಬಂದ ಮೇಲೆ ಥರ್ಮಾಮೀಟರ್ ಕೈಗೆ ಸಿಗುವ ಹಾಗೆ ಇಡಿ. 100.4 ದಾಟಿದರೆ ಪ್ಯಾರಾಸಿಟಮಾಲ್ ನುಂಗಿ ಬೆಳಗ್ಗೆ ನೋಡೋಣ ಅನ್ನಬೇಡಿ. ಬಿಳಿ ಕಣ ಕಡಿಮೆ ಇರುವಾಗ ಬಂದ ಜ್ವರಕ್ಕೆ ಆಂಟಿಬಯಾಟಿಕ್ ಡ್ರಿಪ್ ಆ ರಾತ್ರಿಯೇ ಬೇಕಾಗಬಹುದು. ಹಳ್ಳಿಯಲ್ಲಿರುವವರು ಯಾವ ಆಸ್ಪತ್ರೆಗೆ, ಯಾರ ಗಾಡಿಯಲ್ಲಿ ಅಂತ ಮೊದಲೇ ಮಾತಾಡಿಟ್ಟುಕೊಳ್ಳಿ. ಶ್ವಾಸಕೋಶದ ಸೋಂಕು ತಡೆಯಲು ಕೋ-ಟ್ರೈಮಾಕ್ಸಜೋಲ್, ಸರ್ಪಸುತ್ತು ಏಳದಿರಲು ಅಸೈಕ್ಲೋವಿರ್ ಬರೆದುಕೊಟ್ಟಿದ್ದರೆ ಕೀಮೋ ಮುಗಿಯಿತಲ್ಲ ಅಂತ ನೀವೇ ನಿಲ್ಲಿಸಬೇಡಿ, ಕೀಮೋ ಆದ ಮೇಲೂ ತಿಂಗಳುಗಟ್ಟಲೆ ಬೇಕಾಗಬಹುದು. ಬೆಂಡಮಸ್ಟೀನ್ ಆದವರಿಗೆ ರಕ್ತ ಏರಿಸಬೇಕಾಗಿ ಬಂದರೆ ಅದು ಇರ‍್ರೇಡಿಯೇಟ್ ಮಾಡಿದ, ಅಂದರೆ ವಿಕಿರಣ ಹಾಯಿಸಿದ, ರಕ್ತ ಆಗಿರಬೇಕು, ಫೈಲಿನ ಮೇಲೆ ದೊಡ್ಡದಾಗಿ ಬರೆದಿಡಿ. ಫ್ಲೂ, ನ್ಯುಮೋನಿಯಾ ಲಸಿಕೆಗಳನ್ನು ಕಾಯುವ ಕಾಲದಲ್ಲೇ ಹಾಕಿಸಿಬಿಡಿ, ರಿಟುಕ್ಸಿಮ್ಯಾಬ್ ಆದ ಮೇಲೆ ಆರು ತಿಂಗಳು ಲಸಿಕೆ ಸರಿಯಾಗಿ ಹತ್ತುವುದಿಲ್ಲ. ಜೀವಂತ ಕ್ರಿಮಿ ಇರುವ ಲಸಿಕೆಗಳನ್ನು ಚಿಕಿತ್ಸೆಯ ಸಮಯದಲ್ಲಿ ಹಾಕಿಸಲೇಬಾರದು.

ದುಡ್ಡಿನ ಮಾತು. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ 2018ರಲ್ಲಿ ಬಂದದ್ದು. ಅದರಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಖರ್ಚಿನ ಶೇ. 30ರಷ್ಟು, 1.5 ಲಕ್ಷದವರೆಗೆ ಅಂತ ನಿಯಮ ಮಾಡಿದ್ದರು. ಕೀಮೋ ಶುರುವಾಗುವ ಮೊದಲೇ ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಕಂಡು, ಈಗ ಏನೇನು ಸಿಗುತ್ತದೆ ಎಂದು ಕೇಳಿ ಮಂಜೂರಾತಿ ಹಾಕಿಸಿ. ಬಿಲ್ ಕಟ್ಟಿದ ಮೇಲೆ ಹೋದರೆ ಕಷ್ಟ.

ಆರು ಸುತ್ತು ಮುಗಿದ ಮೇಲೆ

ಕೊನೆಯ ಪೆಟ್ ಸ್ಕ್ಯಾನ್‌ನಲ್ಲಿ ಏನೂ ಹೊಳೆಯದಿದ್ದರೆ ಒಳ್ಳೆಯ ಸುದ್ದಿ. ಆಮೇಲೆ ಎರಡು ತಿಂಗಳಿಗೊಮ್ಮೆ ಎರಡು ವರ್ಷ ರಿಟುಕ್ಸಿಮ್ಯಾಬ್ ಒಂದನ್ನೇ ಕೊಡುವ ಮೇಂಟೆನೆನ್ಸ್ ಬೇಕಾ ಎನ್ನುವ ಪ್ರಶ್ನೆ ಬರುತ್ತದೆ. ಅದರಿಂದ ಕಾಯಿಲೆ ಮರಳಿ ಬರುವುದು ತಡವಾಗುತ್ತದೆ, ಆಯುಸ್ಸು ಹೆಚ್ಚುತ್ತದೆ ಅಂತ ತೋರಿಲ್ಲ, ಸೋಂಕು ಜಾಸ್ತಿಯಾಗುತ್ತದೆ. ನಾವು ಡಾಕ್ಟರ್ ಜೊತೆ ಮಾತಾಡಿ ಬೇಡ ಎಂದುಕೊಂಡೆವು. ಬೇಕು ಎಂದವರದೂ ತಪ್ಪಲ್ಲ.

ಈ ಕಾಯಿಲೆ ಸಾಮಾನ್ಯವಾಗಿ ಮರಳಿ ಬರುತ್ತದೆ, ಯಾವಾಗ ಎನ್ನುವುದೇ ಮುಖ್ಯ. ಶುರುವಿನ ಚಿಕಿತ್ಸೆಯಾಗಿ ಎರಡು ವರ್ಷದೊಳಗೆ ಬಂದರೆ ಅದು ಸ್ವಲ್ಪ ಗಟ್ಟಿ ಜಾತಿ, ದೊಡ್ಡ ಆಸ್ಪತ್ರೆಯ ಅಭಿಪ್ರಾಯ ಬೇಕು. ಯಾವಾಗ ಬಂದರೂ ಮತ್ತೆ ಬಯಾಪ್ಸಿ ಮಾಡಿಸಿ. ವರ್ಷಕ್ಕೆ ನೂರರಲ್ಲಿ ಎರಡು ಮೂರು ಜನರಲ್ಲಿ ನಿಧಾನದ ಲಿಂಫೋಮಾ ವೇಗದ್ದಾಗಿ ಬದಲಾಗುತ್ತದೆ. ಒಂದು ಗಂಟು ಮಾತ್ರ ದಿಢೀರ್ ಅಂತ ಬೆಳೆಯುವುದು, ಎಲ್‌ಡಿಹೆಚ್ ಒಮ್ಮೆಲೇ ಏರುವುದು, ಜ್ವರ ಶುರುವಾಗುವುದು ಅದರ ಸೂಚನೆ. ಪೆಟ್‌ನಲ್ಲಿ ಎಲ್ಲಕ್ಕಿಂತ ಜಾಸ್ತಿ ಹೊಳೆಯುವ ಗಂಟಿನಿಂದಲೇ ತುಂಡು ತೆಗೆಯಲು ಹೇಳಿ. ಮರಳಿ ಬಂದರೂ ದಾರಿಗಳಿವೆ, ಲೆನಲಿಡೊಮೈಡ್ ಮಾತ್ರೆಯ ಜೊತೆ ರಿಟುಕ್ಸಿಮ್ಯಾಬ್ ಇದೆ, ಬರೀ ಎರಡು ದಿನದ 4 ಗ್ರೇ ರೇಡಿಯೇಷನ್‌ಗೆ ಕರಗುವ ಗಂಟುಗಳಿವೆ. ರೋಗಿಯ ರಕ್ಷಣೆಯ ಕೋಶಗಳನ್ನೇ ಹೊರತೆಗೆದು, ಕ್ಯಾನ್ಸರ್ ಹುಡುಕಿ ಹೊಡೆಯುವಂತೆ ಬದಲಿಸಿ ಮತ್ತೆ ಕೊಡುವ ಕಾರ್-ಟಿ ಚಿಕಿತ್ಸೆ ನಮ್ಮ ದೇಶದ್ದೇ ಬಂದಿದೆ, ಮುಂಬೈನ ಐಐಟಿ ಮತ್ತು ಟಾಟಾ ಮೆಮೋರಿಯಲ್ ಸೇರಿ ಬೆಳೆಸಿದ್ದಕ್ಕೆ 2023ರಲ್ಲಿ ಒಪ್ಪಿಗೆ ಸಿಕ್ಕಿತು.

ಅಪ್ಪನ ಕೊನೆಯ ಸುತ್ತು ಮುಗಿದು ಹದಿನಾಲ್ಕು ತಿಂಗಳಾಯಿತು. ಕಿಡ್ನಿಯ ಊತ ಇಳಿದಿದೆ, ತೂಕ ನಾಲ್ಕು ಕಿಲೋ ಹೆಚ್ಚಿದೆ. ಮೂರು ತಿಂಗಳಿಗೊಮ್ಮೆ ಫೈಲ್ ಹಿಡಿದು ಬೆಳಗಿನ ಟ್ರೈನಿಗೆ ಬೆಂಗಳೂರಿಗೆ ಬರುತ್ತಾರೆ. ಈ ಸಲ ರಕ್ತ ಪರೀಕ್ಷೆಯ ಚೀಟಿಯನ್ನು ಮನೆಯಲ್ಲೇ ಮರೆತು ಬಂದಿದ್ದರು, ಅಮ್ಮ ಫೋಟೋ ತೆಗೆದು ಕಳಿಸಿದರು. ಮುಂದಿನದು ದೀಪಾವಳಿ ಆದ ಮೇಲೆ.